ಎರಡು ಎಡತೋಳಿನ ನಿಲುವಂಗಿ

ಫಾದರ್ ಮಗುವಿನ ನೆತ್ತಿಯ ಮೇಲೆ ಇಟ್ಟದ್ದು ಎಡಗೈ.

ನಿನ್ನೆ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ನಡೆದದ್ದು ಅಷ್ಟೇ. ಆದರೆ ಆ ಎಡಗೈ ಮಗುವಿನ ತಾಯಿಯ ತಲೆಯೊಳಗೆ ಹುಳ ಹೊಕ್ಕಂತೆ ಕೊರೆಯುತ್ತಿತ್ತು. ಈಗ ಸೋಮವಾರದ ಮಧ್ಯಾಹ್ನ. ಮಗ ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದಾನೆ. ಪರದೆ ಉಸಿರೆಳೆದುಕೊಂಡಂತೆ ಒಳಕ್ಕೆ ಬರುತ್ತದೆ, ಬಿಟ್ಟಂತೆ ಹೊರಕ್ಕೆ ಹೋಗುತ್ತದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು, ಸೂಜಿಗೆ ದಾರ ಪೋಣಿಸದೆ, ಗೋಡೆ ನೋಡುತ್ತಿದ್ದಾಳೆ.

ಬೆಳಿಗ್ಗೆ ಗಂಡನಿಗೆ ಹೇಳಿದ್ದಳು. ಅವನು ನಕ್ಕುಬಿಟ್ಟ. "ಅದು ನೀನೇ ಕೊಟ್ಟ ಕಾಯಿಲೆ ತಾನೇ? ಹನ್ನೆರಡು ವರ್ಷದಿಂದ ಫಾದರ್ ಕೈ ಪೂರ್ತಿ ಮೇಲೆ ಹೋಗಿದ್ದು ಯಾರು ನೋಡಿದ್ದಾರೆ?"

ಅತ್ತೆ ಒಳಗಿನಿಂದಲೇ ಒಗ್ಗರಣೆ ಹಾಕಿದರು. "ಮಗು ಸೀನಿದ್ರೆ ಆಂಬುಲೆನ್ಸ್ ಕರೆಯೋಳು ನೀನು. ಇನ್ನು ಆ ದೇವರಂಥ ಮನುಷ್ಯನಿಗೂ ರೋಗ ಅಂಟಿಸಬೇಡಮ್ಮ."

ಅವಳ ಅಡ್ಡಹೆಸರೇ ಗಾಬರಿ. ಇಟ್ಟದ್ದು ಫಾದರೇ.

ಅವರಿಗೂ ಒಂದು ಅಡ್ಡಹೆಸರಿತ್ತು, ಟೇಪು ಫಾದರ್. ಕೊರಳಲ್ಲಿ ಶಿಲುಬೆಯ ಜೊತೆಗೆ ಯಾವಾಗಲೂ ಒಂದು ಅಳತೆಯ ಟೇಪು. ಒಮ್ಮೆ ಅದನ್ನು ತೆಗೆಯಲು ಮರೆತು ಪೂಜೆಗೇ ನಿಂತಿದ್ದರಂತೆ. "ಪಾಪ ಎಷ್ಟು ಇಂಚು ಅಂತ ಅಳೀತಾರೇನೋ" ಎಂದು ಮುಂದಿನ ಸಾಲಿನ ಮುದುಕಿಯೊಬ್ಬಳು ಕಿಸಕ್ಕೆಂದಳಂತೆ. ಅವರು ದರ್ಜಿಯ ಮಗ. ಅಪ್ಪನ ಯಂತ್ರದ ಕೆಳಗೆ, ಚಿಂದಿಬಟ್ಟೆಯ ಗುಡ್ಡೆಯ ಮೇಲೆ ಮಲಗಿ ಬೆಳೆದವರು. ಪೆಡಲಿನ ಸದ್ದೇ ಜೋಗುಳ. ಗುರುವಾಗಿ ಈ ಚರ್ಚಿಗೆ ಬಂದದ್ದು ಮೂರು ವರ್ಷಕ್ಕೆಂದು, ಉಳಿದದ್ದು ಮೂವತ್ತೊಂದು. ಬಂದ ಮೊದಲ ವಾರವೇ ಅವರ ಕಣ್ಣಿಗೆ ಬಿದ್ದದ್ದು ಓದು ಬಿಟ್ಟು ಗೋಡೆಗೊರಗಿ ನಿಂತ ಹುಡುಗ ಹುಡುಗಿಯರು. ಚರ್ಚಿನ ಹಿಂದೆ ಮೇಣದಬತ್ತಿ ತುಂಬಿಡುವ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿಸಿ ಏಳು ಹಳೆಯ ಯಂತ್ರಗಳನ್ನು ಇಟ್ಟರು. ಇವತ್ತಿಗೂ ಆ ಕೋಣೆಯಲ್ಲಿ ಯಂತ್ರದ ಎಣ್ಣೆಯ ವಾಸನೆಯ ಕೆಳಗೆ ಮೇಣದ ವಾಸನೆ ಮಲಗಿದೆ.

ಅಲ್ಲಿ ನಿಯಮ ಒಂದೇ: ಹೆಸರಿಲ್ಲದ ಬಟ್ಟೆಗೆ ಕತ್ತರಿ ಇಲ್ಲ. ಕತ್ತರಿಸುವ ಮೊದಲು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ತಮ್ಮ ಹೆಸರನ್ನು ತಾವೇ ಬರೆಯಬೇಕು. ಅಕ್ಷರ ಬಾರದವರ ಕೈ ಹಿಡಿದು ಫಾದರ್ ಬರೆಸುತ್ತಿದ್ದರು. ಹೆಸರಾದ ಮೇಲೆ ಅಳತೆ, ಅಳತೆಯಾದ ಮೇಲೆ ಲೆಕ್ಕ, ಲೆಕ್ಕದ ಬೆನ್ನಿಗೆ ಪುಸ್ತಕ. ಬಟ್ಟೆಯ ಆಸೆ ತೋರಿಸಿ ಓದಿನ ಬಲೆಗೆ ಬೀಳಿಸುವ ಮನುಷ್ಯ. ಅಪ್ಪ ತೀರಿಕೊಂಡು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಅವಳೂ ಹಾಗೆಯೇ ಬಿದ್ದು, ಡಿಗ್ರಿ ಮುಗಿಸಿ ಎದ್ದಳು.

ಅವಳ ಮೊದಲ ದೊಡ್ಡ ಕೆಲಸ ಫಾದರ್‌ಗೇ ಭಾನುವಾರದ ನಿಲುವಂಗಿ. ಒಂದು ಮೈ ಮಾತ್ರ ಹೊಳೆಯುವ ಬಿಳಿ ಬಟ್ಟೆ. ಬಟ್ಟೆಯನ್ನು ಎದುರುಬದುರು ಮಡಚಿಟ್ಟು ಎರಡು ತೋಳನ್ನೂ ಒಟ್ಟಿಗೇ ಕತ್ತರಿಸಬೇಕಿತ್ತು. ಇವಳು ಗಾಬರಿಯಲ್ಲಿ ಮಡಚದೆ, ಒಂದೇ ಅಚ್ಚನ್ನು ಪಕ್ಕಪಕ್ಕ ಎರಡು ಸಲ ಇಟ್ಟು ಕಚಕ್ಕನೆ ಕತ್ತರಿಸಿಬಿಟ್ಟಳು. ಎರಡೂ ಎಡತೋಳು! ಬೇರೆ ಬಟ್ಟೆ ಇರಲಿಲ್ಲ. ಅವಳು ಅಳತೊಡಗಿದಳು.

"ಅಳೋದ್ಯಾಕೆ ಮಗಳೇ? ಹಾಗೇ ಹೊಲಿ. ನನ್ನ ಎಡಗೈಗೆ ಯಾವಾಗಲೂ ಹೊಟ್ಟೆಕಿಚ್ಚು, ಬಲಗೈಗೇ ಎಲ್ಲಾ ಮರ್ಯಾದೆ ಅಂತ. ಈಗ ಸಮಾಧಾನ ಆಗುತ್ತೆ."

ಹೊಲಿದಳು. ಅವರು ತೊಟ್ಟರು. ಬಲಗೈ ಎತ್ತಿದರೆ ಕಂಕುಳಲ್ಲಿ ಬಿಗಿದು ಎದೆಯ ಮಟ್ಟಕ್ಕೇ ನಿಲ್ಲುತ್ತಿತ್ತು. ಊರು ಅದಕ್ಕೆ ಅರ್ಧ ಆಶೀರ್ವಾದ ಎಂದು ಹೆಸರಿಟ್ಟಿತು. ಕೇಳಿದವರಿಗೆಲ್ಲ ಫಾದರ್ "ನಮ್ಮ ಗಾಬರಿ ಹೊಲಿದಿದ್ದು" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು, ಅವಳು ನೆಲಕ್ಕಿಳಿದುಹೋಗುತ್ತಿದ್ದಳು. ಹೋದ ತಿಂಗಳು ತಡೆಯಲಾರದೆ, ಅಂಥದೇ ಬಟ್ಟೆ ತಂದು ಹೊಸದೊಂದು ಹೊಲಿದು ಕೊಟ್ಟಳು. "ಹಳೇದು ಹರಿಯೋವರೆಗೂ ಇದು ಪೆಟ್ಟಿಗೆಯಲ್ಲಿ ನಿದ್ದೆ ಮಾಡಲಿ" ಎಂದು ಮಡಚಿಟ್ಟಿದ್ದರು.

ಹಾಗಾದರೆ ನಿನ್ನೆಯದೂ ಹಳೆಯದೇ. ಅರ್ಧಕ್ಕೂ ಏಳದೆ ಇರುವಷ್ಟು ಬಿಗಿಯಾಗಿದೆಯೇನೋ. ಅಷ್ಟೇ. ಅವಳು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡು, ಕೆಲಸಕ್ಕೆಂದು ಗುಂಡಿಯ ಡಬ್ಬಿ ತೆರೆದಳು.

ಡಬ್ಬಿಯಲ್ಲಿ ಉಳಿದಿದ್ದದ್ದು ಕಂದು ಗುಂಡಿಗಳು. ಬೆರಳು ಅಲ್ಲೇ ನಿಂತಿತು.

ಕನಸು ತಿರುಗಿ ಬಂದಂತೆ ನಿನ್ನೆಯ ಬಾಗಿಲು ಕಣ್ಣ ಮುಂದೆ ಬಂತು. ಬಿಸಿಲು, ಮೆಟ್ಟಿಲು, ಬಾಗಿದ ಫಾದರ್. ಮಗ ಅವರ ಎದೆಯ ಗುಂಡಿಯೊಂದನ್ನು ಹಿಡಿದು ಬಾಯಿಗೆ ತುರುಕಿಕೊಂಡಿದ್ದ. ಎಲ್ಲಿ ಕಿತ್ತು ನುಂಗುತ್ತಾನೋ ಎಂಬ ದಿಗಿಲಿನಲ್ಲಿ ಅವಳು ಅವನ ಮುಷ್ಟಿ ಬಿಡಿಸುವುದರಲ್ಲೇ ಮುಳುಗಿದ್ದಳು. ಜೊಲ್ಲಿನಲ್ಲಿ ಒದ್ದೆಯಾಗಿ ಹೊಳೆಯುತ್ತಿದ್ದ ಆ ಗುಂಡಿ ಕಂದು. ಹಳೆಯ ನಿಲುವಂಗಿಗೆ ಇರುವುದು ಬಿಳಿ ಗುಂಡಿ. ಹೊಸದನ್ನು ಹೊಲಿಯುವಾಗ ಬಿಳಿ ಸಾಲದೆ ಕಂದು ಹಾಕಿದವಳು ಅವಳೇ.

ಫಾದರ್ ತೊಟ್ಟಿದ್ದು ಹೊಸದು. ಅದರ ಬಲತೋಳು ಬಲತೋಳೇ. ಆದರೂ ಕೈ ಮೇಲೇಳಲಿಲ್ಲ.

ಫೋನು ಕೈಗೆ ತೆಗೆದುಕೊಂಡಳು, ಕೆಳಗಿಟ್ಟಳು. ಈ ತಿಂಗಳಲ್ಲೇ ಮಗುವಿನ ಹಲ್ಲಿಗೊಮ್ಮೆ, ಹೊಟ್ಟೆಗೊಮ್ಮೆ, ಏನೂ ಇಲ್ಲದೆ ಒಮ್ಮೆ ಅವರಿಗೆ ಫೋನ್ ಮಾಡಿದ್ದಾಗಿತ್ತು. ಮತ್ತೆ ಮಾಡಿದರೆ ಊರೆಲ್ಲ ನಗುತ್ತದೆ. ಮಾಡದಿದ್ದರೆ? ಮಗ ನಿದ್ದೆಯಲ್ಲಿ ಮುಷ್ಟಿ ಬಿಚ್ಚಿದ, ಮುಚ್ಚಿದ. ಅವಳು ನಂಬರು ಒತ್ತಿದಳು.

"ಯಾರು, ಗಾಬರೀನಾ? ಇವತ್ತೇನು, ಹಲ್ಲೋ ಹೊಟ್ಟೆಯೋ?"

"ಫಾದರ್, ನಿನ್ನೆ ಯಾವ ನಿಲುವಂಗಿ ಹಾಕಿದ್ರಿ?"

"ಹಳೇದೇ ಕಣಮ್ಮ. ನಿನ್ನ ಎರಡು ಎಡತೋಳಿಂದು."

"ಹಳೇದಕ್ಕೆ ಬಿಳಿ ಗುಂಡಿ ಫಾದರ್. ನನ್ನ ಮಗ ಬಾಯಿಗೆ ಹಾಕ್ಕೊಂಡಿದ್ದು ಕಂದು."

ಆ ಕಡೆ ದೂರದಲ್ಲೊಂದು ಯಂತ್ರ ಟಕಟಕ ಓಡಿ ನಿಂತಿತು.

"ನಿನಗೆ ಕಣ್ಣಳತೆ ಕಲಿಸಬಾರದಿತ್ತು" ಎಂದರು ಮೆಲ್ಲಗೆ. "ಹೊಸದು ಸಡಿಲ ಇದೆಯಲ್ಲ, ಒಂದೇ ಕೈಯಲ್ಲಿ ಹಾಕ್ಕೋಬಹುದು ಅಂತ ತೆಗೆದೆ."

"ಯಾವಾಗಿಂದ ಹೀಗೆ?"

"ಶನಿವಾರ. ಸೀಮೆಸುಣ್ಣ ಹಿಡಿದೆ, ಜಾರಿ ಬಿತ್ತು. ಗೊತ್ತಾದ್ರೆ ನನ್ನನ್ನ ವಿಶ್ರಾಂತಿ ಮನೆಗೆ ಕಳಿಸಿಬಿಡ್ತಾರೆ ಮಗಳೇ. ಹೊಸದಾಗಿ ನಾಲ್ಕು ಜನ ಬಂದಿದ್ದಾರೆ, ಇನ್ನೂ ಹೆಸರು ಬರೆದಿಲ್ಲ."

"ಹೆಸರು ನಾನು ಬರೆಸ್ತೀನಿ. ಈಗ ಅಡುಗೆಯಣ್ಣನಿಗೆ ಫೋನ್ ಕೊಡಿ."

"ಗಾಬರಿ ಆಗಬೇಡ…"

"ಆಗಿಲ್ಲ ಫಾದರ್. ಕೊಡಿ."

ಫೋನು ಕೈಯಿಂದ ಕೈಗೆ ಹೋದ ಸದ್ದು. ಫಾದರ್ ಮನೆಯ ಅಡುಗೆಯವನು ನಗುತ್ತಲೇ ಮಾತಿಗೆ ಬಂದ. "ಏನಕ್ಕಾ, ಮತ್ತೆ ಅರ್ಧ ಆಶೀರ್ವಾದದ ಕಥೇನಾ?"

"ಅಣ್ಣಾ, ನಗೋದು ಆಮೇಲೆ. ಫಾದರ್‌ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೊರಡು, ನಾನು ಮಗೂನ ಎತ್ತಿಕೊಂಡು ಅಲ್ಲಿಗೇ ಬರ್ತೀನಿ. ಈ ಸಲ ತೋಳು ಸರಿಯಾಗೇ ಇದೆ. ಹೊಲಿದವಳು ನಾನು, ನನಗೆ ಗೊತ್ತು."