ಸೋಲಾಪುರದ ಸೀಟು

ಮೊನ್ನೆ ಬಾಗಲಕೋಟೆಯ ಸ್ಟೇಶನ್ನಿನ ಹಿಂದೆ ಎಂಟು ರೂಪಾಯಿ ಕೊಟ್ಟು ಒಂದು ಹರಕು ಮೋಟಾರು ಸೀಟು ಕೊಂಡೆ. ಸ್ಪ್ರಿಂಗು ಕುಸಿದಿದೆ, ಬದಿಯಲ್ಲಿ ಅರಳೆ ಹೊರಬಿದ್ದಿದೆ, ಬಟ್ಟೆಯ ಮೂಲ ಬಣ್ಣ ಯಾವುದೆಂದು ಗೊತ್ತಿಲ್ಲದವರು ಹೇಳಲಾರರು. ಹಳೆ ಸಾಮಾನಿನ ವ್ಯಾಪಾರಿ ಮೊದಲು ಕೇಳಿದ್ದು ಮೂರೇ ರೂಪಾಯಿ. ನನ್ನನ್ನು ಬಲ್ಲವರು ಇದನ್ನು ಓದಿ ನಗುತ್ತಾರೆ. ಬದನೆಕಾಯಿ ಕೊಂಡರೂ ಮೇಲೊಂದು ಹಾಕಿಸಿಕೊಳ್ಳದೆ ಸಂತೆ ಬಿಡದ ಮನುಷ್ಯ ನಾನು. ಮೂರನ್ನು ಒಂದೂವರೆಗೆ ಇಳಿಸಬೇಕಾದವನು ಎಂಟಕ್ಕೆ ಏರಿಸಿಕೊಂಡದ್ದು ಏಕೆಂದರೆ, ಚೌಕಾಶಿಯ ನಡುವೆ ಒಂದು ಖರೆ ಮಾತು ಬಾಯಿಂದ ಬಿದ್ದಿತು.

ನಾನು ಅಲ್ಲಿಗೆ ಹೋದದ್ದು ಮೋಟಾರಿನ ದೀಪದ ಗಾಜು ಕೊಳ್ಳಲು. ಗೋಡೆಗೆ ಒರಗಿಸಿಟ್ಟ ಸೀಟಿನ ಮೇಲೆ ಶಂಕರಪಾಳಿ ತಿಂಡಿಯ ಆಕಾರದ ಹೊಲಿಗೆ ಕಂಡಿತು, ಎಡ ಮೂಲೆಯಲ್ಲಿ ಕೆಂಪು ಬಟ್ಟೆಯ ಮುಕ್ಕೋನ ತೇಪೆ ಕಂಡಿತು. ಬೇಕಾದ ಸಾಮಾನನ್ನು ಕಾಲಿನಿಂದ ಸರಿಸಿ, ಬೇಡವಾದವರಂತೆ ಬೆಲೆ ಕೇಳುವುದು ನನ್ನ ರೂಢಿ. ಅವತ್ತು ಕಾಲು ಏಳಲಿಲ್ಲ.

“ಸೋಲಾಪುರದ ಕೆಲಸ ಐತ್ರಿ ಮಾಲಕರ,” ಎಂದ ವ್ಯಾಪಾರಿ. “ಹಿಂದಿನ ಧಣ್ಯಾರ ಬಾಯಿಲೆ ಕೇಳೀನಿ.”

“ಅಲ್ಲಪಾ. ಇದು ನಮ್ಮ ಅಕ್ಕ ಹೊಲದಿದ್ದು.”

ಅವನು ನನ್ನ ಮುಖ ನೋಡಿದ, ಸೀಟು ನೋಡಿದ, ಹೆಗಲ ಮೇಲಿನ ವಸ್ತ್ರದಿಂದ ಅದರ ಧೂಳು ಝಾಡಿಸಿದ. ಆಮೇಲೆ, ಹಂಗಾರ ಎಂಟು ಕೊಡ್ರಿ ಎಂದ. ಅವನ ತಪ್ಪಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಹತ್ತು ಕೇಳುತ್ತಿದ್ದೆ.

ಆ ಸೋಲಾಪುರದ ಮಾತನ್ನು ಹುಟ್ಟಿಸಿದವನು ನಾನೇ. ಇಳಕಲ್ಲಿನಲ್ಲಿ ಸೀರೆಯ ಗಂಟು ಹೊತ್ತು ಬೆಳೆದವನು. ಗಂಟಿನಿಂದ ಎತ್ತಿನ ಗಾಡಿಗೆ ಬಂದೆ, ಗಾಡಿಯಿಂದ ಮೋಟಾರಿಗೆ. ಆಗಿನ್ನೂ ನಮ್ಮ ಕಡೆ ಮೋಟಾರು ಬಂದರೆ ಎತ್ತು ಕೊರಳ ಹಗ್ಗ ಹರಿದುಕೊಂಡು ಹೊಲಕ್ಕೆ ಬೀಳುವ ಕಾಲ. ಇಳಕಲ್ಲಿನಿಂದ ಹುನಗುಂದದ ಮೇಲೆ ಹಾಯ್ದು ಬಾಗಲಕೋಟೆಯ ರೈಲಿಗೆ ಸಾವಕಾರರನ್ನು ಮುಟ್ಟಿಸಿದರೆ ಒಳ್ಳೆಯ ಬಾಡಿಗೆ ಹುಟ್ಟುತ್ತದೆಂದು ಲೆಕ್ಕ ಹಾಕಿ, ಯಾರೋ ಓಡಿಸಿ ಬಿಟ್ಟ ಒಂದು ಮೋಟಾರು ಕೊಂಡೆ. ಇಂಜಿನ್ನು ಗಟ್ಟಿ, ಸೀಟು ಮಾತ್ರ ಚಿಂದಿ. ತೊಗಲು ಹರಿದು ಒಳಗಿನ ಕುದುರೆ ಕೂದಲು ಕಾಣುತ್ತಿತ್ತು. ಅದೂ ಅಲ್ಲದೆ ಮಡಿ ಹೆಂಗಸರು ತೊಗಲಿನ ಮೇಲೆ ಕೂಡಲು ಒಲ್ಲೆ ಎನ್ನುತ್ತಿದ್ದರು. ಸೋಲಾಪುರದ ಕಾರಖಾನೆಯವರು ಹೇಳಿದ ದರ ಕೇಳಿ, ನಾನು ಸೀಟುಗಳನ್ನು ಕಿತ್ತು ಮನೆಯ ಪಡಸಾಲೆಗೆ ತಂದು ಹಾಕಿದೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಹದಿನೈದು ತುಂಬುವ ಮೊದಲೇ ಗಂಡನನ್ನು ಕಳಕೊಂಡು ತಿರುಗಿ ಬಂದವಳು. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಹಳೆ ಬಟ್ಟೆ ಪದರ ಪದರವಾಗಿ ಸೇರಿಸಿ ಹೊಲಿಯುವ ಅವಳ ಕೌದಿಗೆ ಓಣಿಯಲ್ಲಿ ಹೆಸರಿತ್ತು. ಬಾಣಂತಿ ಮನೆಗಳಿಂದ ಹಳೆ ಸೀರೆ ಹೊತ್ತುಕೊಂಡು ಬರುತ್ತಿದ್ದರು. ಸೀಟಿನ ಹರಕಿನಲ್ಲಿ ಬೆರಳು ತೂರಿಸಿ, ಸ್ಪ್ರಿಂಗು ಒತ್ತಿ ನೋಡಿ, ಇದೇನು ದಪ್ಪ ಕೌದಿ ಅಷ್ಟೇ ಅಲ್ಲೇನೋ ಎಂದಳು. ನನಗೂ ಅಷ್ಟೇ ಬೇಕಾಗಿತ್ತು.

ಡೇರೆಗೆ ಹಾಕುವ ಖಾಕಿ ಬಟ್ಟೆ ತಂದುಕೊಟ್ಟೆ. ಪಿಂಜಾರ ಬಂದು ಅರಳೆ ಹಿಂಜಿಕೊಟ್ಟ. ಅಕ್ಕ ದಾರವನ್ನು ಸುಣ್ಣದ ನೀರಲ್ಲಿ ಅದ್ದಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಬಟ್ಟೆಯ ಮೇಲೆ ಮೂಲೆಯಿಂದ ಮೂಲೆಗೆ ಎಳೆದು ಟಪ್ಪನೆ ಬಿಡುತ್ತಿದ್ದಳು. ಹಾಗೆ ಬಿದ್ದ ಬಿಳಿ ಗೆರೆಗಳು ಒಂದನ್ನೊಂದು ದಾಟಿದಲ್ಲಿ ಶಂಕರಪಾಳಿ. ದಾಟಿದ ಪ್ರತಿಯೊಂದು ಜಾಗದಲ್ಲಿ ದಬ್ಬಣ ಇಳಿಸಿ, ಬಟ್ಟೆ ಸುತ್ತಿದ ಹುಣಸೆ ಬೀಜವನ್ನೇ ಗುಂಡಿಯಾಗಿ ಬಿಗಿದಳು. ಒಂದು ತಿಂಗಳು ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆರೆಯ ಹೆಂಗಸರು ಬಂದು, ಇದನ್ನೇನು ಎಣ್ಣೆಯಲ್ಲಿ ಕರಿಯುವುದೋ ಹಾಗೇ ತಿನ್ನುವುದೋ ಎಂದು ಕೇಳಿ ಹೋಗುತ್ತಿದ್ದರು. ಅಕ್ಕ ಅಷ್ಟು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಕೊನೆಯ ಮೂಲೆ ಮುಚ್ಚುವ ಮೊದಲು ಅವಳು ಒಂದು ಚೂರು ರೊಟ್ಟಿ ತಂದು ಅರಳೆಯೊಳಗೆ ಇಟ್ಟಳು. ನಿಮಗೆ ಗೊತ್ತಿರಬಹುದು, ಕೌದಿಯ ಹೊಟ್ಟೆಯನ್ನು ಹಸಿವಿನಲ್ಲಿಟ್ಟು ಹೊಲಿದು ಮುಗಿಸಬಾರದು ಎನ್ನುತ್ತಾರೆ. ಇದು ಮೋಟಾರು, ಇಲಿ ಬರುತ್ತವೆ ಎಂದು ನಾನು ಬಡಕೊಂಡೆ. ಮಂದಿಯನ್ನು ಹೊರುವಂಥಾದ್ದು ಉಪವಾಸ ಇರಬಾರದು ಎಂದು ಹೇಳಿ ಹೊಲಿದೇಬಿಟ್ಟಳು.

ಮೊದಲ ದಿನ ಮೋಟಾರು ನಮ್ಮ ಮನೆಯ ಮುಂದಿನಿಂದಲೇ ಹೊರಟಿತು. ಸೀರೆಯ ದೊಡ್ಡ ಸಾವಕಾರರೊಬ್ಬರು ಮೊದಲ ಗಿರಾಕಿ. ನಾನು ಅವರ ಗಂಟನ್ನೇ ಹೊತ್ತಿದ್ದವನು. ಹತ್ತುವ ಮೊದಲು ಸೀಟಿನ ಮೇಲೆ ಅಂಗೈ ಆಡಿಸಿದರು.

“ಏನಲೇ, ಗಾದಿ ಭಾಳ ಝೋಕ ಐತಿ. ಎಲ್ಲಿ ಮಾಡಿಸಿದಿ?”

ಮನೆಯಲ್ಲಿ ಎಂದರೆ ಬಾಡಿಗೆ ಇಳಿಸಲು ನೋಡುತ್ತಾರೆ. ಗಂಡ ಸತ್ತ ಹೆಂಗಸು ಹೊಲಿದದ್ದು ಎಂದರೆ, ಪ್ರಯಾಣದ ಹೊತ್ತಿನಲ್ಲಿ ಅಂಥವಳ ಮುಖ ನೋಡಲೊಲ್ಲದ ಮಂದಿ, ಅವಳ ಹೊಲಿಗೆಯ ಮೇಲೆ ಕೂಡುತ್ತಾರೆಯೇ? ಇಷ್ಟೆಲ್ಲ ಯೋಚನೆ ನನಗೆ ಕಣ್ಣು ಮಿಟುಕಿಸುವುದರಲ್ಲಿ ಆಗುತ್ತದೆ. ಸೋಲಾಪುರದಾಗ ಮಾಡ್ಸೀನ್ರಿ ಎಂದೆ. ಅವರು ತಲೆದೂಗಿ ಹತ್ತಿದರು.

ಅಕ್ಕ ಬಾಗಿಲ ಹಿಂದೆಯೇ ನಿಂತಿದ್ದಳು. ಬಳೆಯಿಲ್ಲದ ಕೈ, ಅವಳು ಅಲ್ಲಿದ್ದರೂ ಸಪ್ಪಳವಾಗುವುದಿಲ್ಲ.

ಸಂಜೆ ಊಟಕ್ಕೆ ಕೂತಾಗ, ಸೋಲಾಪುರದವರೂ ಉಣ್ಣಲು ಬರುತ್ತಾರೇನು, ರೊಟ್ಟಿ ಎಷ್ಟು ಬಡೀಲಿ ಎಂದು ಕೇಳಿದಳು. ನಾನು ನಕ್ಕೆ, ಅವಳೂ ನಕ್ಕಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ವ್ಯಾಪಾರದಲ್ಲಿ ಎದುರಿನವರು ನಕ್ಕರೆ ಸೌದಾ ಮುಗಿದಂತೆಯೇ ಲೆಕ್ಕ.

ತಿಂಗಳೊಪ್ಪತ್ತಿನಲ್ಲಿ ಇಲಿ ಬಂದೇ ಬಂದಿತು. ರೊಟ್ಟಿ ಇಟ್ಟ ಮೂಲೆಯನ್ನೇ ಕಡಿದಿತ್ತು. ನಾನು ಸೀಟು ಹೊತ್ತು ತಂದು ಅಕ್ಕನ ಮುಂದಿಟ್ಟು, ಹೇಳಿರಲಿಲ್ಲವೇ ಎಂದು ಕೂಗಾಡಿದೆ. ಅವಳು ಜೋಳ ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

“ಸೋಲಾಪುರಕ್ಕ ಒಂದ್ ಕಾಗದ ಬರಿ. ಅವ್ರ ಬಂದು ಹೊಲೀತಾರ.”

ಮೂರು ದಿನ ಸೀಟು ಹಾಗೇ ಬಿದ್ದಿತ್ತು. ನಾಲ್ಕನೆಯ ದಿನ ನಾನು ಏಳುವುದರೊಳಗೆ ಕೆಂಪು ತೇಪೆ ಬಿದ್ದಿತ್ತು. ನಾನು ಸೀಟು ಹೊತ್ತೊಯ್ದು ಮೋಟಾರಿಗೆ ಹಾಕಿದೆ.

ಒಮ್ಮೆ ಮಾತ್ರ ಬಾಯಿ ಬಿಟ್ಟು ಕೇಳಿದಳು. ನನ್ನನ್ನೂ ಒಂದು ದಿನ ಬಾದಾಮಿಯ ಬನಶಂಕರಿಗೆ ಕರಕೊಂಡು ಹೋಗು ತಮ್ಮಾ, ಊರ ಮಂದಿಯೆಲ್ಲ ಕೂತರು, ನಾನು ಕೂತಿಲ್ಲ ಎಂದಳು. ಗಿರಾಕಿ ಕಡಿಮೆಯಾಗಲಿ, ಹೋಗೋಣ ಎಂದೆ. ಗಿರಾಕಿ ಕಡಿಮೆಯಾಗಲಿಲ್ಲ. ಆಗದಂತೆ ನಾನೇ ನೋಡಿಕೊಂಡೆ.

ಮಳೆ ನಿಂತ ಮೇಲೆ ಅವಳಿಗೆ ಜ್ವರ ಹಿಡಿಯಿತು. ಊರ ಔಷಧಿ ನಾಟಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಒಯ್ಯಲು ಹಿಂದಿನ ಸೀಟಿನಲ್ಲಿ ಮಲಗಿಸಿ, ಗಾಳಿ ಬಡಿಯದಂತೆ ಮೋಟಾರಿನ ಮೇಲಿನ ಬಟ್ಟೆಯ ಹುಡ್ಡು ಎಳೆದು ಮುಚ್ಚಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ನಾನಿಟ್ಟುಕೊಂಡಿದ್ದ ಡ್ರೈವರ ಮೆಲ್ಲಗೆ ಓಡಿಸಿದ. ಹುನಗುಂದ ದಾಟಿದ ಮೇಲೆ ಅಕ್ಕ ಕಣ್ಣು ತೆರೆದು, ಅಂಗೈಯಿಂದ ಸೀಟಿನ ಒಂದೊಂದೇ ಗುಂಡಿಯನ್ನು ಮುಟ್ಟುತ್ತ ಹೋದಳು.

“ಭಾಳ ಬಿಗಿ ಆಗೇತಲ್ಲೋ ತಮ್ಮಾ. ಮೂಲ್ಯಾಗ ಒಂದ್ ಬೆರಳ ಸಡಲ ಬಿಡಬೇಕಿತ್ತು. ಕೂತ ಮಂದಿಗಿ ಒತ್ತಿರಬೇಕು.”

ಯಾರೂ ಏನೂ ಅಂದಿಲ್ಲ ಎಂದೆ.

“ನಿನಗ್ಯಾಕ ಅಂತಾರ. ಸೋಲಾಪುರದವ್ರಿಗೆ ಅಂದಿರತಾರ.”

ನಾಲ್ಕನೆಯ ದಿನ ಮುಖಕ್ಕೂ ವಸ್ತ್ರ ಮುಚ್ಚಿ ಅವಳನ್ನು ಅದೇ ಸೀಟಿನ ಮೇಲೆ ಮನೆಗೆ ತಂದೆ. ಆಗ ಡ್ರೈವರನಿಗೆ ಮೆಲ್ಲಗೆ ಹೋಗೆಂದು ಹೇಳುವ ಕಾರಣವಿರಲಿಲ್ಲ; ಹೇಳಿದೆ.

ಮರುವರ್ಷ ಬಾದಾಮಿಯವರೊಬ್ಬರಿಗೆ ಆ ಮೋಟಾರು ಮಾರಿದೆ. ಸೀಟು ಎಲ್ಲಿಯದೆಂದು ಅವರೂ ಕೇಳಿದರು. ಏನು ಹೇಳಿದೆನೆಂದು ನಿಮಗೆ ಗೊತ್ತೇ ಇದೆ. ಒಳ್ಳೆಯ ದರವೇ ಬಂದಿತು. ಆಮೇಲೆ ಹೊಸ ಮೋಟಾರು ತಂದೆ, ಮತ್ತೆರಡು ತಂದೆ. ಎಲ್ಲದರ ಸೀಟನ್ನೂ ಸೋಲಾಪುರದಲ್ಲೇ ಹೊಲಿಸಿದೆ, ಈ ಸಲ ಖರೆಯಾಗಿ. ಮೆತ್ತಗಿವೆ. ಯಾವುದರ ಮೇಲೂ ನನಗೆ ಸರಿಯಾಗಿ ಕೂಡಲು ಬರುವುದಿಲ್ಲ.

ಎಂಟು ರೂಪಾಯಿಯ ಸೀಟು ಈಗ ಪಡಸಾಲೆಯಲ್ಲಿದೆ. ಬಂದವರು ಕೇಳುತ್ತಾರೆ, ಹೇಳುತ್ತೇನೆ, ಕೇಳದಿದ್ದವರಿಗೂ ಹೇಳುತ್ತೇನೆ. ಬಾಗಿಲ ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದರೂ, ಹೇಳುವಾಗ ದನಿ ತಾನಾಗಿ ಏರುತ್ತದೆ.

ನೀವೂ ಮನೆಯಲ್ಲೇ ಸೀಟು ಹೊಲಿಸುವವರಾದರೆ ನನ್ನ ಮಾತು ಕೇಳಿ. ಅರಳೆಯನ್ನು ಎರಡು ಸಲ ಹಿಂಜಿಸಿ. ದಾರಕ್ಕೆ ಮೇಣ ತಿಕ್ಕಿ. ಪ್ರತಿ ಮೂಲೆಗೂ ಒಂದು ಬೆರಳು ಸಡಿಲ ಬಿಡಿಸಿ. ಬಿಗಿ ಎಲ್ಲಿದೆ ಎಂಬುದು ನಿಂತು ನೋಡಿದರೆ ತಿಳಿಯುವುದಿಲ್ಲ. ಮೋಟಾರು ಓಡುವಾಗ, ಅದೂ ಹೊಲಿದವರಿಗೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಮೊದಲ ಗಿರಾಕಿಯನ್ನು ಹತ್ತಿಸುವ ಮುಂಚೆ ಹೊಲಿದವರನ್ನು ಕೂಡಿಸಿಕೊಂಡು, ಹಗಲು ಹೊತ್ತಿನಲ್ಲಿ, ಹುಡ್ಡು ತೆಗೆದು, ಬನಶಂಕರಿಯವರೆಗೆ ಹೋಗಿ ಬನ್ನಿ. ಹೋದರೆ ಒಂದು ದಿನದ ಬಾಡಿಗೆ ಹೋದೀತು, ಅಷ್ಟೇ.