ಕಪ್ಪು ಪಟ್ಟಿಯ ಕೆಳಗಿನ ಹೆಸರು

ಹೋದ ತಿಂಗಳು ಇಲ್ಲಿ ಅಮೆರಿಕದ ಆಶ್‌ಬರ್ನಿನ ಲೈಬ್ರರಿಯಲ್ಲಿ ಮಗಳ ಪ್ರಾಜೆಕ್ಟಿಗೆಂದು ಪ್ರಿಂಟ್ ತೆಗೆಯುತ್ತಿದ್ದೆ. ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯಲ್ಲಿದ್ದ ಲಾಯರ್ ಆಂಟಿ ಕಣ್ಣೆದುರು ಬಂದು ನಿಂತರು...

ಮೈಸೂರಿನಲ್ಲಿ ವಕೀಲಿ ಮಾಡಿ ನಿವೃತ್ತರಾದವರು. ಮಗಳನ್ನು ನೋಡಿ ಹೋಗಲು ಬಂದಿದ್ದರು. ಕೋವಿಡ್ ಬಂದು ವಿಮಾನ ನಿಂತು ಇಲ್ಲೇ ಉಳಿದುಬಿಟ್ಟರು. ಬೇರೆ ಹಿರಿಯರು ಬೇಸರ ಕಳೆಯಲು ಸೀರಿಯಲ್ ನೋಡಿದರೆ ಇವರು ತೀರ್ಪು ಓದುತ್ತಿದ್ದರು. ಅದೂ ಎಂಥವು! ಸರ್ಕಾರ ನಮ್ಮ ಫೋನು ಕದ್ದು ಕೇಳುತ್ತಿದೆ ಎಂದು ದೂರುವವರಿಗಾಗಿಯೇ ಯಾವುದೋ ದೂರದ ದೇಶದಲ್ಲಿದ್ದ ಒಂದು ನ್ಯಾಯಮಂಡಳಿಯ ತೀರ್ಪುಗಳು. ಆ ಮಂಡಳಿಯ ವೆಬ್‌ಸೈಟ್ ಬದಲಾಗಲಿದೆ, ಹಳೆಯ ತೀರ್ಪುಗಳು ಹೊಸದರಲ್ಲಿ ಇರುವುದಿಲ್ಲ ಎಂದು ತಿಳಿದಾಗ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವ ನಾನು ಅವರ ಕೈಗೆ ಸಿಕ್ಕಿಬಿದ್ದೆ.

"ಎಲ್ಲಾ ಡೌನ್‌ಲೋಡ್ ಮಾಡಿ, ಯಾರು ಬೇಕಾದ್ರೂ ಓದೋ ಹಾಗೆ ಹಾಕ್ಕೊಡೇ. ಇಂಥ ಕಂಪ್ಲೇಂಟ್ ಕೊಟ್ಟೋರನ್ನ ಮೊದ್ಲು ಮನೆಯವ್ರೇ ಹುಚ್ಚರು ಅಂತಾರೆ. ನಿಜ ಅಂತ ತೋರ್ಸಕ್ಕೆ ಅವ್ರ ಹತ್ರ ಇರೋದು ತೀರ್ಪೊಂದೇ."

ಮೈಸೂರಿನಲ್ಲಿ ಅವರಿಗೆ ಅಂಥ ಒಬ್ಬಳು ಕಕ್ಷಿದಾರಳಿದ್ದಳಂತೆ. ಯಾರೂ ನಂಬಲಿಲ್ಲವಂತೆ. ಆಮೇಲೆ ಅವಳು ಏನಾದಳೋ...

ಒಂದು ವೀಕೆಂಡಿನಲ್ಲಿ ಮುಗಿಯುವ ಕೆಲಸ ಎಂದುಕೊಂಡಿದ್ದೆ. ಆಂಟಿ ಬಿಡಬೇಕಲ್ಲ! ಅವರದು ಹಳೆಯ ಕೋರ್ಟಿನ ಪದ್ಧತಿ: ಒಬ್ಬರು ನಕಲನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟು ತಾಳೆ ನೋಡಬೇಕು. ಡೌನ್‌ಲೋಡ್ ಮಾಡಿದ ಕಡತಗಳಿಂದ ಅಕ್ಷರಗಳನ್ನಷ್ಟೇ ತೆಗೆದು ಲ್ಯಾಪ್‌ಟಾಪಿನಲ್ಲಿ ನಾನು ಓದುವುದು, ಪ್ರಿಂಟ್ ಹಿಡಿದು ಅವರು "ಹ್ಞೂಂ" ಎನ್ನುವುದು. ಅವರ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಇಬ್ಬರೂ ಮಾಸ್ಕ್ ಹಾಕಿಕೊಂಡು ದೂರ ದೂರ ಕೂತು ಹೀಗೆ ಕಿರುಚಾಡುವುದನ್ನು ಕೇಳಿ ಅವರ ಮಗಳು ಒಳಗಿಂದ ನಗುತ್ತಿದ್ದಳು.

ಒಂದು ಸಂಜೆ ನಾನು ಓದುತ್ತ ಒಬ್ಬ ಹೆಂಗಸಿನ ಹೆಸರು ಹೇಳಿದೆ. "ಹ್ಞೂಂ" ಬರಲಿಲ್ಲ.

"ಏನಂದೆ? ನಂದ್ರಲ್ಲಿ ಕಪ್ಪಿದೆಯಲ್ಲೇ ಇಲ್ಲಿ."

ನೋಡಿದರೆ, ಮಂಡಳಿಯವರು ದೂರುದಾರರ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದರೇ ಹೊರತು ಕೆಳಗಿನ ಅಕ್ಷರ ಅಳಿಸಿರಲಿಲ್ಲ. ಪ್ರಿಂಟಿನಲ್ಲಿ ಕಾಣದ್ದು ನನ್ನ ಪರದೆಯ ಮೇಲೆ ಸಲೀಸಾಗಿ ಬಂದು ಕೂತಿತ್ತು. ನನಗೋ ಹುಮ್ಮಸ್ಸು.

"ಆಂಟಿ, ಎಲ್ಲರ ಹೆಸ್ರೂ ಸಿಗತ್ತೆ!"

ಅವರು ಕಾಗದ ಕೆಳಗಿಟ್ಟರು. "ಬೇಡ ಅಂತ ತಾನೇ ಅವಳು ಮುಚ್ಚಿಸಿರೋದು? ಅವಳ ಮಾತು ಕದ್ದು ಕೇಳಿದೋರಿಗೂ ನಮಗೂ ಏನೇ ವ್ಯತ್ಯಾಸ?"

ನನ್ನ ಉತ್ಸಾಹ ಅಲ್ಲಿಗೇ ಇಳಿಯಿತು. ತಾಳೆ ನೋಡಿ ಮುಗಿಸಿದ್ದನ್ನೆಲ್ಲ ಮತ್ತೆ ಮೊದಲಿಂದ ಓದಿ, ಮುಚ್ಚಿದ ಹೆಸರುಗಳನ್ನು ಬೇರುಸಹಿತ ತೆಗೆದೆವು. ಅಷ್ಟರಲ್ಲಿ ಹಳೆಯ ಸೈಟ್ ಹೋಗಿಯೇಬಿಟ್ಟಿತು. ಆದಷ್ಟನ್ನು ಹಾಕಿಬಿಡೋಣ ಆಂಟಿ ಎಂದು ಗೋಗರೆದೆ. ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ನಮ್ಮ ಸೈಟ್ ತೆರೆದ ದಿನ ಇಡೀ ಓಣಿಗೆ ಕೇಸರಿಬಾತ್ ಹಂಚಿದರು. ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ.

ಆಂಟಿ ತೀರಿಹೋಗಿ ಎರಡು ಚಳಿಗಾಲ ಕಳೆದವು. ಅವರ ಮಗಳು ಷಾರ್ಲೆಟ್ ನಗರಕ್ಕೆ ಮನೆ ಬದಲಾಯಿಸಿದಳು. ಸೈಟನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಅವರಷ್ಟು ಹಟಮಾರಿ ಇನ್ನೊಬ್ಬರನ್ನು ನಾನು ಕಂಡಿಲ್ಲ, ನಾನು ಅಷ್ಟು ಪ್ರೀತಿಸಿದವರೂ ಕಡಿಮೆಯೇ...

ನಿನ್ನೆ ಸೈಟಿಗೊಂದು ಸಂದೇಶ ಬಂತು. "ಇದರಲ್ಲೊಂದು ನನ್ನ ದೂರಿನ ತೀರ್ಪು. ಹಳೆಯ ಸೈಟ್ ಹೋದ ಮೇಲೆ ತೋರಿಸಲು ನನ್ನ ಬಳಿ ಏನೂ ಉಳಿದಿರಲಿಲ್ಲ. ನನ್ನ ತಂಗಿ ಇದನ್ನು ಪೂರ್ತಿ ಓದಿದಳು. ಎಷ್ಟೋ ವರ್ಷಗಳ ಮೇಲೆ ನನಗೆ ಫೋನ್ ಮಾಡಿದಳು." ಬರೆದವರ ಹೆಸರಿರಲಿಲ್ಲ.

ತಕ್ಷಣ ಷಾರ್ಲೆಟ್‌ಗೆ ಫೋನ್ ಮಾಡಿ ಆಂಟಿಯ ಮಗಳಿಗೆ ಓದಿ ಹೇಳಿದೆ.

"ಹಾಸ್ಪಿಟಲ್‌ನಲ್ಲೂ ಅಮ್ಮ ಕೇಳ್ತಾನೇ ಇದ್ರು ಕಣೇ, ಯಾರಾದ್ರೂ ಓದಿದ್ರಾ ಅಂತ. ನಾನು ಗೊತ್ತಿಲ್ಲಮ್ಮ ಅಂದಿದ್ದೆ."