ಕಿಟಕಿಯ ಕೆಳಗಿನ ಸಲಾಮಿ

ಅವರ ಮೇಲ್ತುಟಿಯ ನಟ್ಟನಡುವೆ ಒಂದು ದುಂಡನೆಯ ಗುರುತಿತ್ತು. ಮೀಸೆ ಮೂಡುವ ವಯಸ್ಸಿನಿಂದ ಟ್ರಂಪೆಟ್ಟಿನ ಪಿತ್ತಳೆ ಬಾಯಿಯನ್ನು ಅಲ್ಲಿಗೇ ಒತ್ತಿ ಒತ್ತಿ ಚರ್ಮ ಗಟ್ಟಿಯಾಗಿತ್ತು. ಮೀಸೆಯೂ ಆ ಜಾಗವನ್ನು ಬಿಟ್ಟುಕೊಟ್ಟು ಎಡಕ್ಕೊಂದು ಬಲಕ್ಕೊಂದು ಪಾಲಾಗಿ ಬೆಳೆದಿತ್ತು. ಬಸಿಯಲ್ಲಿ ಚಹಾ ಹೀರುವಾಗ ಬಸಿಯ ಅಂಚು ಸರಿಯಾಗಿ ಆ ಗುರುತಿನ ಮೇಲೆಯೇ ಹೋಗಿ ಕೂರುತ್ತಿತ್ತು. ಮೊದಲ ಸಲ ಅವರೆದುರು ನಿಂತಾಗ ನಾನು ಅದನ್ನೇ ನೋಡುತ್ತಿದ್ದೆ. ಎಷ್ಟು ನೋಡಿದೆನೆಂದರೆ, ಅವರೇ ಬೆರಳಿಟ್ಟು ತೋರಿಸಿ, "ಇದು ನನ್ನ ಸರ್ಟಿಫಿಕೇಟ ನೋಡವಾ ತಂಗಿ. ಮಳ್ಯಾಗ ತೋಯೂದಿಲ್ಲ, ಇಲಿ ಕಡಿಯೂದಿಲ್ಲ" ಅಂದರು.

ಕುಡಚಿಯ ಸ್ಟೇಶನ್ ರಸ್ತೆಯಲ್ಲಿ ಅವರ ಬ್ಯಾಂಡ್ ಪಾರ್ಟಿ. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಮಾಸ್ತರ ಅಂತಲೇ. ಕೆಳಗಿನ ಕೋಣೆಯ ಗೋಡೆಗೆ ಕೆಂಪು ಕೋಟುಗಳು ಸಾಲಾಗಿ ತೂಗುತ್ತಿದ್ದವು, ಭುಜದ ಮೇಲೆ ಬಂಗಾರ ಬಣ್ಣದ ಝಾಲರಿ. ಮೂಲೆಯಲ್ಲಿ ಡೋಲು, ತಾಸೆ, ಕ್ಲಾರಿನೆಟ್ಟು. ಮೇಲಿನ ಕೋಣೆ ಖಾಲಿ ಬಿದ್ದಿತ್ತು. ಉಗಾರ ಬುದ್ರುಕದ ನಮ್ಮ ತೋಟದ ಮನೆಯಲ್ಲಿ ಕಬ್ಬು ಎತ್ತರವಾದಂತೆಲ್ಲ ಇಂಟರ್‌ನೆಟ್ಟು ಕುಂಟತೊಡಗುತ್ತಿತ್ತು. ಹಾಗಾಗಿ ದಿನಾ ಹೊಳೆಯ ಸೇತುವೆ ದಾಟಿ ಬಂದು ಕೆಲಸ ಮಾಡಲು ನಾನು ಆ ಕೋಣೆಯನ್ನು ಬಾಡಿಗೆಗೆ ಕೇಳಿದ್ದೆ.

"ಏನ ಕೆಲಸ ಮಾಡ್ತಿ?"

"ಕಂಪ್ಯೂಟರ್ ಪ್ರೋಗ್ರಾಮ್ ಬರೀತೀನ್ರಿ."

"ಯಾವ ಕಂಪನ್ಯಾಗ?"

"ಒಂದ ಕಂಪನಿ ಅಂತ ಇಲ್ರಿ. ಕಾಂಟ್ರ್ಯಾಕ್ಟ್ ಮ್ಯಾಲೆ ಮಾಡ್ತೀನಿ. ಒಬ್ಬರದು ಮುಗದ ಮ್ಯಾಲೆ ಇನ್ನೊಬ್ಬರದು."

ಮಾಸ್ತರರು ಬಸಿ ಕೆಳಗಿಟ್ಟು ತೊಡೆ ತಟ್ಟಿಕೊಂಡರು. "ಅಂದ್ರ ಸುಪಾರಿ ಮ್ಯಾಲೆ! ಹಂಗಾದ್ರ ನಂದೂ ನಿಂದೂ ಒಂದ ಕಸಬು. ಮ್ಯಾಲೆ ನೀ ಬಾರ್ಸು, ತೆಳಗ ನಾ ಬಾರಸ್ತೀನಿ."

ಸುಪಾರಿ ಎಂದರೆ ಗಾಬರಿಯಾಗಬೇಡಿ. ಆ ಶಬ್ದವನ್ನು ಪತ್ರಿಕೆಯವರು ಕೆಡಿಸಿದ್ದಾರೆ. ನಮ್ಮ ಕಡೆ ಬ್ಯಾಂಡಿನವರನ್ನು ಗೊತ್ತುಮಾಡುವಾಗ ಲಗ್ನದ ಮನೆಯ ಹಿರಿಯರು ಬಂದು ಮಾಸ್ತರರ ಅಂಗೈಯಲ್ಲಿ ಒಂದು ಅಡಿಕೆ ಇಡುತ್ತಾರೆ. ಅಂಗೈ ಮುಚ್ಚಿದರೆ ಆ ದಿನ ಅವರದಾಯಿತು. ಕಾಗದವಿಲ್ಲ, ಸಹಿಯಿಲ್ಲ.

ನಾನು ಕೋಣೆ ಹಿಡಿದ ಹೊತ್ತಿಗೆ ನನ್ನ ಅಂಗೈ ಮಾತ್ರ ಖಾಲಿ ಇತ್ತು. ಆಸ್ಪತ್ರೆಗಳ ಪಾಳಿ ಚೀಟಿಯ ಪ್ರೋಗ್ರಾಮಿನ ಕಾಂಟ್ರ್ಯಾಕ್ಟೊಂದು ಮುಗಿದು, ಮುಂದಿನದು ಸಿಕ್ಕಿರಲಿಲ್ಲ. ಅರ್ಜಿ ಹಾಕುವುದು, ಕಾಯುವುದು, ಮತ್ತೆ ಹಾಕುವುದು. ಮಳೆಗಾಲ ಹಾಗೇ ಹೋಯಿತು. ಅತ್ತೆಯ ತವರಿನವರೊಬ್ಬರು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಆಪರೇಟರ್ ಕೆಲಸ ನೋಡಿಟ್ಟಿದ್ದರು. ಕಾಯಂ ಕೆಲಸ. ಅತ್ತೆ ಕೆಟ್ಟವರಲ್ಲ; ನನ್ನ ಮುಖ ನೋಡಿ ನೋಡಿ ಅವರಿಗೇ ಸಂಕಟವಾಗಿತ್ತು. "ತುಳಸಿ ಲಗ್ನದ ತನಕಾ ನೋಡವಾ. ಆಮ್ಯಾಲೆ ಆ ಕೋಣಿ ಕೀಲಿ ತಿರುಗಿ ಕೊಟ್ಟು ಸುಮ್ಮನ ಚಿಕ್ಕೋಡಿಗೆ ಹೋಗು" ಅಂದರು. ನಾನು ಒಪ್ಪಿಕೊಂಡಿದ್ದೆ. ಪ್ರೋಗ್ರಾಮ್ ಬರೆಯುವುದನ್ನು ಬಿಟ್ಟು ಯಾರೋ ಬರೆದದ್ದರಲ್ಲಿ ಹೆಸರು ತುಂಬುತ್ತ ಕೂರುವುದನ್ನು ನೆನೆದಾಗಲೆಲ್ಲ ಮಾತ್ರ ಇನ್ನೊಂದು ಅರ್ಜಿ ಹಾಕಿಬಿಡುತ್ತಿದ್ದೆ.

ದಸರೆಯ ಹೊತ್ತಿಗೆ ಬೆಂಗಳೂರಿನ ಕಂಪನಿಯೊಂದು ವಿಡಿಯೋ ಸಂದರ್ಶನಕ್ಕೆ ಕರೆಯಿತು. ಕೆಳಗೆ ಅದೇ ಹೊತ್ತಿಗೆ ತಾಲೀಮು. ನಾನು ಇಳಿದುಹೋಗಿ ಕೈಮುಗಿದೆ. ಮಾಸ್ತರರು ತಿರುಗಿ ಒಂದೇ ಮಾತು ಹೇಳಿದರು: "ಲೇ, ತಂಗೀನ ನೋಡಾಕ ಗಂಡಿನವರು ಬರಾಕತ್ತಾರ, ಯಾರೂ ಕೆಮ್ಮಬ್ಯಾಡ್ರಿ." ಮೆಟ್ಟಿಲಿನಿಂದ ನೋಡಿದರೆ ಡೋಲಿನವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದ. ಕೈ ಹೊರಗಿದ್ದರೆ ಎಲ್ಲಿ ಬಾರಿಸಿಬಿಡುತ್ತವೋ ಎಂಬ ಭಯ ಅವನಿಗೆ.

ಅಷ್ಟು ಮೌನದಲ್ಲೂ ಆ ಕೆಲಸ ನನಗೆ ಸಿಗಲಿಲ್ಲ. ಸಂಜೆ ಕೆಳಗಿಳಿದಾಗ ಮಾಸ್ತರರು ನನಗೊಂದು ಬಸಿ ಚಹಾ ಸುರಿದು ಕೇಳಿದರು, "ಏನ ಕೇಳಿದ್ರು?"

"ಏನೇನ ಬರತೈತಿ ಅಂತ ಕೇಳಿದ್ರು. ಹೇಳಿದೆ."

"ಹೇಳಿದಿ. ಊದಿ ತೋರ್ಸಿದಿ?"

"ಅದಕ್ಕ ಅವರು ಎಲ್ಲಿ ಬಿಟ್ರರಿ?"

"ನನಗ ಎಷ್ಟ ಹಾಡ ಬರತಾವ ಅಂತ ಹೇಳಕೋತ ಅಡ್ಡಾಡಿದ್ರ ಯಾವ ಬೀಗ ನನ್ನ ಕೈಯಾಗ ಅಡಿಕಿ ಇಡ್ತಿದ್ದ? ತುಳಸಿ ಲಗ್ನದ ದಿನ ನಾವ ಸಲಾಮಿ ಮಾಡ್ತೀವಲ್ಲ, ಅದನ್ನ ನೋಡಿ ಇಲ್ಲೊ?"

ನೋಡಿದ್ದೆ. ಮದುವೆಯ ಹಂಗಾಮು ಶುರುವಾಗುವ ಆ ದಿನ ಡೋಲಿನವನು ಕಾಯಿ ಒಡೆಯುತ್ತಾನೆ, ಮಾಸ್ತರರು ಲೋಬಾನ ಹಾಕಿ ವಾದ್ಯಗಳಿಗೆ ಹೊಗೆ ಹಿಡಿಯುತ್ತಾರೆ. ಆಮೇಲೆ ಕೆಂಪು ಕೋಟು ತೊಟ್ಟು ಪೇಟೆಗೆ ಇಳಿದರೆ, ಒಂದೊಂದು ಅಂಗಡಿಯ ಮುಂದೆ ನಿಂತು ಒಂದೊಂದು ಹಾಡು. ಯಾರೂ ಕರೆದಿರುವುದಿಲ್ಲ, ಯಾರೂ ಏನೂ ಕೊಡಬೇಕಿಲ್ಲ. ಆ ವರ್ಷ ಯಾರ ಮನೆಯಲ್ಲಿ ಲಗ್ನವಿದೆಯೋ ಅವರು ಬಾಗಿಲಿಗೆ ಬಂದು ಕೇಳುತ್ತಾರೆ, ಅಷ್ಟೇ. ಸಲಾಮಿಯಲ್ಲೂ ಮಾಸ್ತರರದೊಂದು ಪದ್ಧತಿಯಿತ್ತು: ಕಿರಾಣಿ ಅಂಗಡಿ ಹಿರಿಯರಿಗೆ ಹಳೆಯ ಅಭಂಗದ ಧಾಟಿ, ಮೊಬೈಲ್ ಅಂಗಡಿ ಹುಡುಗರಿಗೆ ಹೊಸ ಕುಣಿತದ ಹಾಡು. ತನಗೆ ಬರುವುದನ್ನಲ್ಲ, ಅವರಿಗೆ ಬೇಕಾದದ್ದನ್ನು ಊದುತ್ತಿದ್ದರು.

"ನಿನ್ನ ಸಲಾಮಿ ಎಲ್ಲೈತಿ?" ಅಂದರು ಮಾಸ್ತರರು.

ಅವರೇ ಮುಂದುವರಿಸಿದರು. ಅಥಣಿಯಲ್ಲಿ ಒಬ್ಬ ಸಾವಕಾರರು, ಒಣದ್ರಾಕ್ಷಿ ವ್ಯಾಪಾರ, ಮಾಲು ಇಡಲು ದೊಡ್ಡ ಶೀತಗೃಹ. ಅವರ ಮೂರೂ ಹೆಣ್ಣುಮಕ್ಕಳ ಲಗ್ನಕ್ಕೆ ಬಾರಿಸಿದ್ದು ಇದೇ ಬ್ಯಾಂಡು. "ಮಂಟಪದಾಗ ಅಕ್ಷತಾ ಬೀಳಾಕತ್ತಾವ, ಆ ಪುಣ್ಯಾತ್ಮ ಫೋನ್‌ನ್ಯಾಗ ಮಾತಾಡಾಕತ್ತಾನ! ಊರ ರೈತರೆಲ್ಲಾ ಅವಗ ಫೋನ್ ಹಚ್ಚತಾರ: ನನ್ನ ಮಾಲ ಎಲ್ಲೈತಿ, ಮಾರಿತೊ ಇಲ್ಲೊ ಅಂತ. ನೀ ಅದಕ್ಕೇನರ ಮಾಡು. ಬಾಗಲಾ ನಾ ತೋರಸ್ತೀನಿ, ಊದೂದು ನೀನ."

ಯಾರೂ ಕೇಳದ ಪ್ರೋಗ್ರಾಮೊಂದನ್ನು ನಾನು ಬರೆದದ್ದು ಅದೇ ಮೊದಲು. ರೈತ ತನ್ನ ಮೊಬೈಲಿನಿಂದ ಒಂದು ಸಂದೇಶ ಕಳಿಸಿದರೆ ಸಾಕು. ಅವನ ಮಾಲು ಯಾವ ಕೋಣೆಯಲ್ಲಿದೆ, ಮಾರಿದೆಯೋ ಇಲ್ಲವೋ ಎಂಬ ಉತ್ತರ ತಾನಾಗಿ ಹೋಗಬೇಕು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ, ಮರಾಠಿಯಲ್ಲಿ ಕೇಳಿದವರಿಗೆ ಮರಾಠಿಯಲ್ಲಿ. ಬರೆಯುತ್ತ ಬರೆಯುತ್ತ ಕೆಳಗಿನ ತಾಲೀಮು ನನಗೆ ಕೇಳಿಸುವುದೇ ನಿಂತಿತು. ಬೆರಳು ಮಾತ್ರ ತಾಸೆಯ ಓಟಕ್ಕೆ ಓಡುತ್ತಿದ್ದವು.

ಅಥಣಿಗೆ ಮಾಸ್ತರರು ಜೊತೆಗೆ ಬಂದರು. ಬಾಗಿಲಲ್ಲಿ, "ಸಾವಕಾರ್ರ, ಈಕಿ ನಮ್ಮ ಮ್ಯಾಲಿನ ಬ್ಯಾಂಡ್‌ನಾಕಿ" ಎಂದು ಹೇಳಿ, ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂತುಬಿಟ್ಟರು. ತೋರಿಸಲೆಂದು ಕಲ್ಪಿತ ಲೆಕ್ಕ ತುಂಬಿಟ್ಟಿದ್ದೆ. ನಾನು ಸಾವಕಾರರ ಕೈಗೆ ಮೊಬೈಲ್ ಕೊಟ್ಟು, "ನೀವ ಒಬ್ಬ ರೈತ ಅಂತ ತಿಳಕೊಂಡು ಕೇಳ್ರಿ" ಅಂದೆ. ಅವರು ಒಂದು ಅಕ್ಷರ ಒಂದು ಅಕ್ಷರ ಒತ್ತಿ ಕೇಳಿದರು. ಉತ್ತರ ಬಂತು. ಇನ್ನೊಮ್ಮೆ ಕೇಳಿದರು, ಈ ಸಲ ಮರಾಠಿಯಲ್ಲಿ, ನನ್ನನ್ನು ಸಿಕ್ಕಿಸುವ ಹಾಗೆ. ಮತ್ತೂ ಉತ್ತರ ಬಂತು. ಅಷ್ಟರಲ್ಲಿ ಅವರ ಫೋನು ಹೊಡೆಯಿತು. ಐನಾಪುರದ ರೈತರೊಬ್ಬರು ಅದೇ ಪ್ರಶ್ನೆ ಕೇಳುತ್ತಿದ್ದರು! ಸಾವಕಾರರು ಫೋನು ಕಿವಿಗಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ನಗಲಾರಂಭಿಸಿದರು. ಹೊಸ ಮಾಲು ಬಂದು ಎಲ್ಲ ನೆಟ್ಟಗೆ ನಡೆಯುವ ತನಕ, ಅಂದರೆ ಯುಗಾದಿ ಪಾಡ್ಯದವರೆಗೆ ಕಾಂಟ್ರ್ಯಾಕ್ಟು ಎಂದಾಯಿತು. ಹೊರಗಿನಿಂದ ಮಾಸ್ತರರು ಕೂಗಿದರು, "ಸಾವಕಾರ್ರ, ಅಡಿಕಿ!" ಸಾವಕಾರರು ನಗುತ್ತಲೇ ಅಡಿಕೆ ತರಿಸಿ ನನ್ನ ಅಂಗೈಯಲ್ಲಿಟ್ಟರು. ನಾನು ಅಂಗೈ ಮುಚ್ಚಿದೆ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಹೇಳುತ್ತಲೇ ಇರಲಿಲ್ಲ.

ಸಾವಕಾರರದು ಚಿಕ್ಕ ಕೆಲಸ. ಪಾಡ್ಯ ದಾಟಿದರೆ ಮತ್ತೆ ಖಾಲಿ ಕೈ. ಅತ್ತೆ ಇದನ್ನು ಸರಿಯಾಗಿಯೇ ಹಿಡಿದಿದ್ದರು: "ಒಂದ ಹಂಗಾಮು ಆತು. ಮುಂದ?" ತುಳಸಿ ಲಗ್ನದ ದಿನ ಬೆಳಿಗ್ಗೆ ಪುಣೆಯ ದೊಡ್ಡ ಕಂಪನಿಯೊಂದರಿಂದ ಸಂದರ್ಶನದ ಕರೆ ಬಂತು. ಎಂದೋ ಹಾಕಿದ್ದ ಅರ್ಜಿ. ವರ್ಷಪೂರ್ತಿಯ ಕಾಂಟ್ರ್ಯಾಕ್ಟು, ಮನೆಯಿಂದಲೇ ಕೆಲಸ. ಮಾತು ಚೆನ್ನಾಗಿ ನಡೆಯಿತು. ಕೊನೆಗೆ ಅವರ ಮ್ಯಾನೇಜರರು, ಒಬ್ಬ ಹೆಣ್ಣುಮಗಳು, ಹೇಳಿದರು: "ಬರುವ ಸೋಮವಾರ ಶುರುಮಾಡಿ. ಪೂರ್ತಿ ಸಮಯ ನಮಗೇ."

ಸೋಮವಾರ! ನನ್ನ ಎದುರಿಗೆ, ಮೇಜಿನ ಮೇಲೆ, ಸಾವಕಾರರ ಅಡಿಕೆ ಇತ್ತು.

ಆಗ ನೆನಪಾದದ್ದು ಡೋಲಿನವನು ಹೇಳುತ್ತಿದ್ದ ಸಂಗತಿ. ಒಮ್ಮೆ ಐನಾಪುರದ ಸಣ್ಣದೊಂದು ಮನೆಯ ಲಗ್ನಕ್ಕೆ ಅಡಿಕೆ ಹಿಡಿದಾದ ಮೇಲೆ, ಅದೇ ದಿನಕ್ಕೆ ಬಾರಿಸಬೇಕೆಂದು ನಿಪ್ಪಾಣಿಯ ದೊಡ್ಡ ಮನೆತನದವರು ಜೀಪು ಕಳಿಸಿದರಂತೆ. "ನಾವೆಲ್ಲಾ ಜೀಪಿನ್ಯಾಗ ಒಂದ ಕಾಲ ಇಟ್ಟಿದ್ವಿ ಅಕ್ಕಾ. ಈ ಮನಿಷ್ಯಾ ಜಪ್ಪಯ್ಯ ಅಂದ್ರೂ ಏಳಲಿಲ್ಲ. ಅಡಿಕಿ ಹಿಡದೇನಿ, ನಾಳಿ ಸಂಜಿಮುಂದ ಖಾಲಿ ಅದೀನಿ, ಬೇಕಂದ್ರ ಹೇಳ್ರಿ ಅಂದ. ನಾವ ಮಾಸ್ತರ ಹೆಂಡರ ಮುಂದ ಹೋಗಿ ಬೈದ ಬಂದ್ವಿ." ನಿಪ್ಪಾಣಿಯವರು ತಮ್ಮ ಮೆರವಣಿಗೆಯನ್ನೇ ಮರುದಿನ ಸಂಜೆಗೆ ಇಟ್ಟುಕೊಂಡರಂತೆ.

ನಾನು ಹೇಳಿದೆ: "ಮೇಡಂ, ಪಾಡ್ಯದವರೆಗೆ ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಪಾಡ್ಯದ ಮರುದಿನದಿಂದ..."

ಮುಂದಿನ ಮಾತು ಕೇಳಿಸಲಿಲ್ಲ. ಕೆಳಗೆ ಕಾಯಿ ಒಡೆದು, ಲೋಬಾನದ ಹೊಗೆ ಮೆಟ್ಟಿಲು ಹತ್ತಿ ಬಂದು, ಇಡೀ ಬ್ಯಾಂಡು ಒಮ್ಮೆಲೇ ಎದ್ದಿತು. ಹಂಗಾಮಿನ ಮೊದಲ ಸಲಾಮಿ! ಅದನ್ನು ನಿಲ್ಲಿಸಿ ಅನ್ನುವ ಹಕ್ಕು ಯಾರಿಗೂ ಇಲ್ಲ. ನನ್ನ ಕೈ ಧ್ವನಿ ಮುಚ್ಚುವ ಗುಂಡಿಯ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಎಷ್ಟು ದಿನ ಮುಚ್ಚುವುದು? ಎದ್ದು ಕಿಟಕಿಯನ್ನು ಪೂರಾ ತೆರೆದೆ. ಲ್ಯಾಪ್‌ಟಾಪನ್ನೇ ಎತ್ತಿ ಹೊರಗೆ ತೋರಿಸಿದೆ: ಕೆಂಪು ಕೋಟುಗಳು, ಮುಂದೆ ಕೆನ್ನೆ ಉಬ್ಬಿಸಿ ಊದುತ್ತಿರುವ ಮಾಸ್ತರರು.

ಪುಣೆಯ ಮೇಡಂ ಸಂದರ್ಶನದ ಇಂಗ್ಲಿಷ್ ಬಿಟ್ಟು ಮರಾಠಿಗೆ ಬಂದರು. "ಲಗ್ನ ಆಹೆ ಕಾ?" ಮದುವೆಯಿದೆಯೇ ಎಂದು. ನಾನೂ ಮರಾಠಿಯಲ್ಲೇ ಹೇಳಿದೆ: ಲಗ್ನವಲ್ಲ, ಸಲಾಮಿ. ಈ ಮಾಸ್ತರರು ಒಂದು ಸುಪಾರಿ ಹಿಡಿದ ಮೇಲೆ ಇನ್ನೊಂದಕ್ಕೆ ಏಳುವುದಿಲ್ಲ. ನಾನೂ ಏಳುವುದಿಲ್ಲ. ಪಾಡ್ಯದ ಮರುದಿನ ಖಾಲಿ ಇದ್ದೇನೆ. ಮೇಡಂ ಹಾಡು ಮುಗಿಯುವ ತನಕ ನೋಡಿ, "ತಿಳಿಸುತ್ತೇವೆ" ಎಂದು ಕರೆ ಕಡಿದರು.

ಕೆಳಗಿಳಿದು ಹೋದೆ. ಎಲ್ಲ ಕೇಳಿದ ಮೇಲೆ ಮಾಸ್ತರರು ಶಹಬ್ಬಾಸ್ ಅನ್ನಲಿಲ್ಲ. ಒಂದೇ ಪ್ರಶ್ನೆ: "ಖಾಲಿ ಇರೂ ದಿನಾ ಹೇಳಿದಿಲ್ಲೊ?"

"ಹೇಳೀನ್ರಿ."

"ಬರತಾರ ತಗೊ. ಬರೇ ಇಲ್ಲ ಅಂದವರ ಮನಿಗಿ ಯಾರೂ ತಿರುಗಿ ಬರೂದಿಲ್ಲ. ಈಗ ಹಾದಿ ಬಿಟ್ಟು ಸರಿ, ಪ್ಯಾಟಿಗೆ ಹೊತ್ತಾತು."

ಅವರು ಪೇಟೆಯ ಕೊನೆಯ ಅಂಗಡಿ ಮುಟ್ಟುವುದರೊಳಗೆ ಪುಣೆಯಿಂದ ಉತ್ತರ ಬಂತು: ಕಾಯುತ್ತೇವೆ. ನಾನು ಮೊಬೈಲು ಎತ್ತಿ ಹಿಡಿದು ರಸ್ತೆಯಲ್ಲಿ ಓಡಿದೆ. ಮಾಸ್ತರರು ಊದುತ್ತಲೇ ಕಣ್ಣರಳಿಸಿ ಕೇಳಿದರು, ನಾನು ತಲೆಯಾಡಿಸಿದೆ. ಟ್ರಂಪೆಟ್ಟಿನ ಬಾಯಿ ಆಕಾಶಕ್ಕೆ ತಿರುಗಿತು. ಅಂಥ ಒಂದು ಸ್ವರವನ್ನು ನಾನು ಮತ್ತೆ ಕೇಳಿಲ್ಲ. ಸಂಜೆ ಅತ್ತೆ ತುಳಸಿಗೆ ಆರತಿ ಬೆಳಗುತ್ತ ಅಂದರು, "ಚಿಕ್ಕೋಡಿಯವರಿಗೆ ನಾನ ಹೇಳ್ತೀನಿ ತಗೊ. ನಮ್ಮ ಸೊಸಿ ಖಾಲಿ ಇಲ್ಲಾ ಅಂತ."

ಸಾವಕಾರರ ಪ್ರೋಗ್ರಾಮು ಚಾಲೂ ಆದ ದಿನ ಮಾಸ್ತರರು ಕರೆಯದೇ ಬಂದರು, ಬ್ಯಾಂಡಿನ ಸಮೇತ. "ಮೂರು ಹೆಣ್ಣಮಕ್ಕಳ ಲಗ್ನಾ ಬಾರ್ಸೀನಿ, ಇದು ನಾಕನೇದು" ಎಂದು ಶೀತಗೃಹದ ಬಾಗಿಲಲ್ಲಿ ಊದಿದರು. ಒಣದ್ರಾಕ್ಷಿ ಆರಿಸುವ ಹೆಂಗಸರು ಸೆರಗು ಸಿಕ್ಕಿಸಿ ಕುಣಿದರು. ಸಾವಕಾರರ ಫೋನು ಮಾತ್ರ ಇಡೀ ಹೊತ್ತು ತೆಪ್ಪಗಿತ್ತು. ಅವರು ಅದನ್ನು ಆಗಾಗ ಕಿಸೆಯಿಂದ ತೆಗೆದು, ಕೆಟ್ಟಿದೆಯೇನೋ ಎಂಬಂತೆ ನೋಡಿಕೊಳ್ಳುತ್ತಿದ್ದರು.

ಪುಣೆಯ ಮೇಡಂ ಇನ್ನೊಬ್ಬರಿಗೆ ನನ್ನ ವಿಷಯ ಹೇಳುವಾಗ ಹೆಸರು ಹೇಳಲಿಲ್ಲವಂತೆ. "ಆ ಬ್ಯಾಂಡಿನ ಮೇಡಂ" ಅಂದರಂತೆ. ಅದೇ ಉಳಿದುಕೊಂಡಿತು. ಯಾವುದನ್ನು ಮುಚ್ಚಿಡಲು ಕೈಮುಗಿದಿದ್ದೆನೋ ಅದರಿಂದಲೇ ಜನ ನನ್ನನ್ನು ಹುಡುಕಿಕೊಂಡು ಬಂದರು. ಒಂದು ಕಾಂಟ್ರ್ಯಾಕ್ಟು ಮುಗಿಯುವ ಮೊದಲೇ ಇನ್ನೊಂದು ಬಂದು ಬಾಗಿಲಲ್ಲಿ ನಿಲ್ಲತೊಡಗಿತು. ಈಗ ಆ ಕೋಣೆಯಲ್ಲಿ ರಾಯಬಾಗದ ಒಬ್ಬಳು, ಕಾಗವಾಡದ ಒಬ್ಬಳು ನನ್ನ ಜೊತೆ ಕೂತು ಪ್ರೋಗ್ರಾಮ್ ಬರೆಯುತ್ತಾರೆ. ಇಬ್ಬರಿಗೂ ನಾನು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಸಲಾಮಿ ಎಲ್ಲೈತಿ ಎಂಬುದೇ.

ಮಾಸ್ತರರು ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಲಗ್ನದ ಹಂಗಾಮು ಮುಗಿಸಿಕೊಟ್ಟೇ ಹೋದರು. ಹಿಡಿದ ಒಂದು ಅಡಿಕೆಯನ್ನೂ ಬಾಕಿ ಉಳಿಸಲಿಲ್ಲ. ಅವರ ಜನಾಜಾ ಸ್ಟೇಶನ್ ರಸ್ತೆಯಲ್ಲಿ ಹೋಗುವಾಗ ವಾದ್ಯವಿಲ್ಲ, ಸದ್ದಿಲ್ಲ. ಬ್ಯಾಂಡಿನವರೆಲ್ಲ ಬಿಳಿ ಅಂಗಿ ತೊಟ್ಟು ನಡೆದರು. ಡೋಲಿನವನು ಕೈಗಳನ್ನು ಎದೆಗೆ ಒತ್ತಿ ಹಿಡಿದಿದ್ದ. ಮರುದಿನ ಕರೆಯಲ್ಲಿ ಪುಣೆಯ ಮೇಡಂ ಕೇಳಿದರು, "ಇವತ್ತು ಬ್ಯಾಂಡ್ ಇಲ್ಲವೇ?" ನಾನು ಲ್ಯಾಪ್‌ಟಾಪನ್ನು ಎತ್ತಿ ಕಿಟಕಿಯ ಕೆಳಗಿನ ಖಾಲಿ ರಸ್ತೆಯನ್ನು ತೋರಿಸಿದೆ.

ಈ ವರ್ಷದ ತುಳಸಿ ಲಗ್ನದ ಬೆಳಿಗ್ಗೆ ಮತ್ತೆ ಕಾಯಿ ಒಡೆದ ಸದ್ದು, ಮತ್ತೆ ಲೋಬಾನದ ವಾಸನೆ. ಕ್ಲಾರಿನೆಟ್ಟಿನವನು ಮಾಸ್ತರರ ಟ್ರಂಪೆಟ್ಟು ಹಿಡಿದು ಮುಂದೆ ನಿಂತಿದ್ದ. ಬ್ಯಾಂಡು ಪೇಟೆಯ ಕಡೆ ಹೊರಡಲಿಲ್ಲ. ನೇರ ನನ್ನ ಕಿಟಕಿಯ ಕೆಳಗೆ ಬಂದು, ದೊಡ್ಡ ದೊಡ್ಡ ಅಂಗಡಿಕಾರರ ಮುಂದೆ ನಿಲ್ಲುವ ಹಾಗೆ ಸಾಲುಗಟ್ಟಿ ನಿಂತು, ಹಂಗಾಮಿನ ಮೊದಲ ಸಲಾಮಿಯನ್ನು ನನಗೆ ಊದಿತು.

ನಾನು ಮೇಜಿನ ಮೇಲಿದ್ದ ಅಡಿಕೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು, ಡೋಲಿನವನ ಅಂಗೈಯಲ್ಲಿ ಇಟ್ಟೆ.

"ಯಾರ ಲಗ್ನಾ ಅಕ್ಕಾ?"

"ನಾಳಿ ಹೊಸಾ ಕಾಂಟ್ರ್ಯಾಕ್ಟ್ ಚಾಲೂ ಆಗತೈತಿ. ಮುಂಜಾನೆ ಮೊದಲನೇ ಕಾಲ್. ಕಿಟಕಿ ತಗದ ಇಟ್ಟಿರತೀನಿ, ಇಲ್ಲೇ ನಿಂತು ಜೋರ ಬಾರಸ್ರಿ."

ಡೋಲಿನವನು ಅಂಗೈ ಮುಚ್ಚಿದ.